ಹದಿಮೂರನೆಯ ಕುಂಡ

ಹಾಲಿನವನು ತಂದ ಹಾಲಿಗೆ ಬೆರಳದ್ದಿ ನೋಡುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಆದರೆ ನಲ್ಲಿಯ ನೀರನ್ನೂ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಮೂಸಿ, ಒಂದು ನಿಮಿಷ ಯೋಚಿಸಿ ಆಮೇಲೆ ಕುಡಿಯುವ ಮನುಷ್ಯ ಆ ಭತ್ತದ ಸಂಶೋಧನಾ ಕೇಂದ್ರದಲ್ಲಿ ಒಬ್ಬನೇ ಇದ್ದ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವನು ಸಂಶಯಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೂ ಅವನಿಗೆ ಗೊತ್ತಿತ್ತು. ಬೆನ್ನ ಹಿಂದೆ ಇವರೆಲ್ಲ ತನ್ನನ್ನು ಏನೋ ಕರೆಯುತ್ತಾರೆ ಎಂಬ ಅನುಮಾನ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇತ್ತು.

ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ತಿರುಗಿ ಬಂದು ಬೀಗ ಜಗ್ಗಿ ನೋಡದೆ ಅವನು ಮನೆಗೆ ಹೋದದ್ದಿಲ್ಲ. ಊಟದ ಡಬ್ಬಿಯನ್ನು ಬೇರೆಯವರ ಡಬ್ಬಿಯ ಪಕ್ಕ ಇಟ್ಟದ್ದಿಲ್ಲ. ಗಡಿಯಾರ ಹತ್ತು ತೋರಿಸಿದರೆ ಇನ್ನೊಂದು ಗಡಿಯಾರವನ್ನು ಕೇಳುತ್ತಿದ್ದ. "ನಮ್ಮ ಮದುವೆ ಫೋಟೊ ನೋಡಿ, ಅದರಲ್ಲೂ ಇವರು ಫೋಟೊದವನನ್ನೇ ಗುರಾಯಿಸ್ತಾ ಇದಾರೆ" ಎಂದು ಅವನ ಹೆಂಡತಿ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು. ಅವಳು ಹೇಳಿದ್ದು ಸುಳ್ಳೇನಲ್ಲ. ಫೋಟೊ ಇನ್ನೂ ಗೋಡೆಯ ಮೇಲಿದೆ.

ಇಂಥವನಿಗೆ ಸಿಕ್ಕಿದ ಕೆಲಸವೂ ಅಂಥದ್ದೇ. ಭತ್ತಕ್ಕೆ ಬೆಂಕಿ ರೋಗ ಅಂತ ಒಂದು ಬರುತ್ತದೆ. ಹೆಸರು ಬೆಂಕಿ, ಹಚ್ಚುವುದು ಕಣ್ಣಿಗೆ ಕಾಣದ ಒಂದು ಬೂಷ್ಟು. ಎಲೆಯ ಮೇಲೆ ಮೊದಲು ಕಣ್ಣಿನಾಕಾರದ ಚುಕ್ಕೆ, ಚುಕ್ಕೆಯ ನಡುವೆ ಬೂದಿ ಬಣ್ಣ, ವಾರ ಕಳೆಯುವುದರೊಳಗೆ ಗದ್ದೆಯೇ ಸುಟ್ಟ ಹಾಗೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ಬಿದ್ದರಂತೂ ಕಾಳು ಕಟ್ಟುವುದೇ ಇಲ್ಲ. ಆ ಬೂಷ್ಟನ್ನು ಗಾಜಿನ ಟ್ಯೂಬುಗಳಲ್ಲಿ ಜೀವಂತವಾಗಿ ಸಾಕುವುದು ಸಂಶಯಪ್ಪನ ಕೆಲಸ. ಕಳ್ಳನನ್ನು ಮನೆಯಲ್ಲಿಟ್ಟು ಅನ್ನ ಹಾಕುವ ಕೆಲಸ ಎಂದು ಅವನು ತಂಗಿಗೆ ವಿವರಿಸುತ್ತಿದ್ದ.

ಯಾಕೆ ಸಾಕಬೇಕು? ಬೂಷ್ಟಿನಲ್ಲಿ ಒಂದೇ ಜಾತಿ ಎಂದುಕೊಂಡರೆ ಕೆಟ್ಟಿರಿ. ಮೇಲೆ ನೋಡಲು ಎಲ್ಲವೂ ಅದೇ ಬೂದು ಬಣ್ಣದ ಹತ್ತಿ. ಒಳಗೆ ಒಂದೊಂದರ ವಂಶ ಬೇರೆ, ಚಾಳಿ ಬೇರೆ. ಒಂದು ಈ ಭತ್ತವನ್ನು ಸುಡುತ್ತದೆ, ಆ ಭತ್ತದ ತಂಟೆಗೆ ಹೋಗುವುದಿಲ್ಲ. ಇನ್ನೊಂದು ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಹೊಸ ಭತ್ತದ ತಳಿ ಬಂದರೆ ಬೇರೆ ಬೇರೆ ಕಡೆಯಿಂದ ತಂದ ಬೇರೆ ಬೇರೆ ಬೂಷ್ಟನ್ನು ಅದರ ಮೇಲೆ ಬಿಟ್ಟು ನೋಡಬೇಕು. ಎಲ್ಲವನ್ನೂ ತಡೆದುಕೊಂಡರೆ ಮಾತ್ರ ಆ ಬೀಜ ರೈತರ ಕೈಗೆ. ಸಂಶಯಪ್ಪನ ಬಳಿ ಇದ್ದದ್ದು ಹನ್ನೆರಡು ಟ್ಯೂಬು, ಹನ್ನೆರಡು ಊರಿನ ಗದ್ದೆಗಳ ಹನ್ನೆರಡು ಕಳ್ಳರು. ಮೂವತ್ತೊಂದು ವರ್ಷದಲ್ಲಿ ಒಂದು ಟ್ಯೂಬೂ ಸತ್ತಿರಲಿಲ್ಲ. ಅದು ಅವನ ಹೆಮ್ಮೆ.

ಗಾಜಿನೊಳಗೆ ಕೂತು ಪುಕ್ಕಟೆ ಊಟ ಮಾಡುವ ಬೂಷ್ಟು ಕ್ರಮೇಣ ಸೋಮಾರಿಯಾಗುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಮೈಮುರಿಯುವ ಕೆಲಸ ಕೊಡಬೇಕು. ಹನ್ನೆರಡು ಕುಂಡಗಳಲ್ಲಿ ಎಳೆಯ ಭತ್ತದ ಸಸಿ ಬೆಳೆಸಿ, ಒಂದೊಂದು ಕುಂಡಕ್ಕೆ ಒಂದೊಂದು ಟ್ಯೂಬಿನ ಬೂಷ್ಟನ್ನು ನೀರಲ್ಲಿ ಕದಡಿ ಸಿಂಪಡಿಸಿ, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಒಂದು ಗುಡಾರದೊಳಗೆ ಇಟ್ಟು ತೇವ ಆರದಂತೆ ಕಾಯುತ್ತಿದ್ದ. ಎಂಟನೆಯ ದಿನಕ್ಕೆ ಎಲೆಗಳ ಮೇಲೆ ಚುಕ್ಕೆ. ಪ್ರತಿ ಕುಂಡದಿಂದ ಒಂದು ಒಳ್ಳೆಯ ಚುಕ್ಕೆಯನ್ನು ಆರಿಸಿ, ಬ್ಲೇಡಿನಿಂದ ಕತ್ತರಿಸಿ, ಅದರಿಂದ ಹೊಸ ಟ್ಯೂಬು ಕಟ್ಟುತ್ತಿದ್ದ. ಆರಿಸುವುದರಲ್ಲಿ ಅವನ ಕಣ್ಣು ಹದ್ದಿನ ಕಣ್ಣು. ಸಣ್ಣದು, ಮಂಕಾದದ್ದು, ಅರೆಬರೆ ಆದದ್ದು ಅವನಿಗೆ ಹಿಡಿಸದು. ದುಂಡಗೆ, ದೊಡ್ಡದಾಗಿ, ಅಂಚು ಕಂದಾಗಿ ಮೂಡಿದ ಚುಕ್ಕೆಯೇ ಬೇಕು.

ಆ ವರ್ಷ ಕೇಂದ್ರದ ಹೊಸ ಭತ್ತ ಕೊನೆಯ ಹಂತಕ್ಕೆ ಬಂದಿತ್ತು. ಇದ್ದ ಟ್ಯೂಬನ್ನೆಲ್ಲ ಕಲಸಿ ಮೂರು ವರ್ಷ ಸುರಿದರೂ ಎಲೆಯ ಮೇಲೆ ಒಂದು ಚುಕ್ಕೆ ಏಳಲಿಲ್ಲ. ಮುಂದಿನ ವರ್ಷ ಊರಿಗೆಲ್ಲ ಹಂಚುವುದೆಂದೂ ಈ ವರ್ಷ ನಾಲ್ಕೈದು ರೈತರು ಒಂದೊಂದು ಮಡಿಯಲ್ಲಿ ಹಾಕಿ ನೋಡುವುದೆಂದೂ ತೀರ್ಮಾನವಾಯಿತು. ಆ ನಾಲ್ಕೈದು ಜನರಲ್ಲಿ ಸಂಶಯಪ್ಪನ ತಂಗಿಯೂ ಒಬ್ಬಳು. ಅವಳ ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಹೊರಗಿರುವುದರಿಂದ ಗದ್ದೆಯ ಯಜಮಾನಿಕೆ ಪೂರ್ತಿ ಅವಳದೇ.

"ಒಂದು ಮಡಿಗೆ ಮಾತ್ರ ಹಾಕ್ಲಾ, ಎಲ್ಲಾ ಗದ್ದೆಗೂ ಹಾಕ್ಲಾ?" ಎಂದು ಅವಳು ಕೇಳಿದ್ದಳು.

"ಎಲ್ಲದಕ್ಕೂ ಹಾಕು. ನಾನೇ ಮೂರು ವರ್ಷ ನೋಡಿದೀನಿ. ಕಣ್ಣು ಮುಚ್ಕೊಂಡು ಹಾಕು" ಎಂದಿದ್ದ ಸಂಶಯಪ್ಪ.

ತಂಗಿಗೆ ಆಶ್ಚರ್ಯವಾಗಿತ್ತು. ತಮ್ಮ ಹೆತ್ತ ತಾಯಿ ಉಪ್ಪು ಸರಿಯಾಗಿದೆ ಎಂದರೂ ನಂಬದೆ ರುಚಿ ನೋಡುತ್ತಿದ್ದ ಅಣ್ಣ ಕಣ್ಣು ಮುಚ್ಚಿಕೊಳ್ಳಲು ಹೇಳಿದ್ದು ಅದೇ ಮೊದಲು. ಅವಳು ಬೇರೆ ಯಾರನ್ನೂ ಕೇಳಲಿಲ್ಲ. ಬೀಜ ಸಾಲದೆ ಬಂದದ್ದಕ್ಕೆ ಕೇಂದ್ರದ ಉಗ್ರಾಣದಿಂದ ಅವನೇ ಇನ್ನೂ ಎರಡು ಚೀಲ ಕೇಳಿ ಕೊಡಿಸಿದ.

ಅಷ್ಟರಲ್ಲಿ ರೋಗ ವಿಭಾಗಕ್ಕೆ ಹೊಸ ಮೇಡಂ ಬಂದರು. ವಯಸ್ಸು ಮೂವತ್ತೈದು ಇರಬಹುದು. ನಗುತ್ತ ಮಾತಾಡುತ್ತಿದ್ದರು, ಎಲ್ಲರಿಗೂ 'ನೀವು' ಎನ್ನುತ್ತಿದ್ದರು, ಸಂಶಯಪ್ಪನನ್ನು 'ಯಜಮಾನ್ರೇ' ಎಂದು ಕರೆಯುತ್ತಿದ್ದರು. ಇಷ್ಟು ಸಾಕಾಯಿತು ಅವನಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಬಂದ ಎರಡನೆಯ ವಾರ ಅವರು ಅಳತೆಯ ಟೇಪು ಹಿಡಿದು ಅವನ ಕೋಣೆಗೆ ಬಂದು ಕಿಟಕಿಯಿಂದ ಬಾಗಿಲಿನವರೆಗೆ ಅಳೆದರು, ಚೀಟಿಯಲ್ಲಿ ಬರೆದುಕೊಂಡು ಹೋದರು. ಮೂರನೆಯ ವಾರ ಹನ್ನೆರಡೂ ಟ್ಯೂಬಿನಿಂದ ಚೂರು ಚೂರು ಬೂಷ್ಟು ಕೇಳಿ ಪಡೆದು ದೂರದ ಊರಿನ ಪ್ರಯೋಗಾಲಯವೊಂದಕ್ಕೆ ಕಳಿಸಿದರು.

"ಯಾಕೆ ಮೇಡಂ?" ಎಂದು ಕೇಳಿದ.

"ಡಿಎನ್‌ಎ ನೋಡ್ಸೋಣ ಅಂತ. ಯಾವುದರ ವಂಶ ಯಾವುದು, ಎಷ್ಟು ಥರ ಇವೆ ಅಂತ ಗೊತ್ತಾಗುತ್ತಲ್ಲ."

ಎಷ್ಟು ಥರ ಇವೆ ಅಂತ ಮೂವತ್ತೊಂದು ವರ್ಷ ಸಾಕಿದವನನ್ನು ಕೇಳಿದರೆ ಹೇಳುತ್ತಿರಲಿಲ್ಲವೇ? ಹನ್ನೆರಡು. ಸಂಶಯಪ್ಪನಿಗೆ ಅವತ್ತು ಊಟ ಸೇರಲಿಲ್ಲ.

ಫಲಿತಾಂಶ ಬಂದ ದಿನ ಮೇಡಂ ಅವನನ್ನು ಕರೆದು ಕಂಪ್ಯೂಟರಿನ ಪರದೆ ತೋರಿಸಿದರು. ಒಂದು ಟ್ಯೂಬಿಗೆ ಒಂದರಂತೆ ಹನ್ನೆರಡು ಸಾಲು, ಪ್ರತಿ ಸಾಲಿನಲ್ಲೂ ಕಪ್ಪು ಗೀರುಗಳು. ವಂಶ ಬೇರೆಯಾದರೆ ಗೀರುಗಳ ಜಾಗವೂ ಬೇರೆಯಿರುತ್ತದೆ ಎಂದು ಅವರು ವಿವರಿಸಿದರು. ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. ಒಂದರಿಂದ ಹನ್ನೊಂದರವರೆಗೆ ಗೀರುಗಳು ಒಂದೇ ಎತ್ತರದಲ್ಲಿ ನಿಂತಿದ್ದವು. ಹನ್ನೆರಡನೆಯದು ಮಾತ್ರ ಬೇರೆ. ಅದು ಹೋದ ವರ್ಷವಷ್ಟೇ, ಕುಂಡದ ಕೆಲಸ ಮುಗಿದ ಮೇಲೆ ಬಂದು ಸೇರಿದ ಟ್ಯೂಬು.

"ಹನ್ನೊಂದೂ ಒಂದೇ ಅಂತ ಬಂದಿದೆ ಯಜಮಾನ್ರೇ" ಎಂದರು ಮೇಡಂ. ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಇನ್ನಷ್ಟು ಅನುಮಾನ ತರಿಸಿತು. "ನಾನು ಸ್ವಲ್ಪ ಯೋಚನೆ ಮಾಡ್ತೀನಿ. ವರದಿ ಬರೀಬೇಕು."

ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ ಸಂಶಯಪ್ಪ ಲೆಕ್ಕಾಚಾರ ಹಾಕಿದ. ಕೋಣೆ ಅಳೆದದ್ದು ಯಾಕೆ? ಅದನ್ನು ಖಾಲಿ ಮಾಡಿಸಿ ಕಂಪ್ಯೂಟರು ಇಡಲು. ಖಾಲಿ ಮಾಡಿಸಲು ಒಂದು ನೆಪ ಬೇಕು. ಮುದುಕ ಟ್ಯೂಬು ಹಾಳು ಮಾಡಿದ ಎಂದರೆ ಅದಕ್ಕಿಂತ ಒಳ್ಳೆಯ ನೆಪ ಯಾವುದು? ಆದರೆ ಮೇಡಂ ಒಬ್ಬರಿಂದ ಇದು ಸಾಧ್ಯವಿಲ್ಲ, ಒಳಗಿನವರು ಯಾರೋ ಕೈಜೋಡಿಸಿರಬೇಕು. ಇನ್ನೊಂದು ಬೀಗದ ಕೈ ಇರುವುದು ಗೇಟಿನ ಕಾವಲುಗಾರನ ಬಳಿ. ಮೊನ್ನೆ ಅವನು ವಿನಾಕಾರಣ, "ಆರೋಗ್ಯ ಹೇಗಿದೆ ಅಣ್ಣಾ?" ಎಂದು ಕೇಳಿದ್ದು ನೆನಪಾಯಿತು. ಮೂವತ್ತು ವರ್ಷದಲ್ಲಿ ಕೇಳದವನು ಈಗ ಯಾಕೆ ಕೇಳಿದ?

ವರ್ಷದ ಕುಂಡದ ಕೆಲಸಕ್ಕೆ ಸಮಯವೂ ಬಂದಿತ್ತು. ಅದರಲ್ಲೇ ಬಲೆ ಹಾಕಲು ನಿಶ್ಚಯಿಸಿದ. ಯಾವಾಗಲೂ ಇಡುವ ಹನ್ನೆರಡು ಕುಂಡದ ಜೊತೆ ಹದಿಮೂರನೆಯದೊಂದನ್ನು ಇಟ್ಟ. ಹನ್ನೆರಡಕ್ಕೆ ಬೂಷ್ಟಿನ ನೀರು ಸಿಂಪಡಿಸಿದ, ಹದಿಮೂರನೆಯದಕ್ಕೆ ಬರೀ ಕುದಿಸಿ ಆರಿಸಿದ ನೀರು. ಹೊರಗಿನಿಂದ ಬಂದವನಿಗೆ ಈ ಗುಟ್ಟು ಗೊತ್ತಿರುವುದಿಲ್ಲ. ಕದ್ದು ಒಳಗೆ ನುಗ್ಗಿ ತನ್ನ ಬೂಷ್ಟನ್ನು ಎಲ್ಲ ಕುಂಡಕ್ಕೂ ಎರಚಿದರೆ ಹದಿಮೂರಕ್ಕೂ ಎರಚುತ್ತಾನೆ. ಅದರಲ್ಲಿ ಚುಕ್ಕೆ ಎದ್ದಿತೋ, ಕಳ್ಳ ಸಿಕ್ಕಿದ. ಗುಡಾರದ ಅಂಚಿಗೆ ಅಂಟು ಕಾಗದ, ಕಿಟಕಿಗೆ ಅಂಟು ಕಾಗದ, ಬಾಗಿಲು ಮತ್ತು ಚೌಕಟ್ಟಿನ ನಡುವೆ ತನ್ನ ರುಜು ಹಾಕಿದ ಚೀಟಿ. ಬೆರಳಗಲ ತೆರೆದರೂ ರುಜು ಹರಿಯಬೇಕು.

"ಅಣ್ಣಾ, ಏನಿದು ಬಾಗಿಲಿಗೆ ಚೀಟಿ?" ಎಂದು ಕಾವಲುಗಾರ ಕೇಳಿದ.

"ಹಲ್ಲಿ ಬರುತ್ತೆ" ಎಂದ ಸಂಶಯಪ್ಪ, ಅವನ ಕಣ್ಣನ್ನೇ ನೋಡುತ್ತ.

"ಹಲ್ಲಿ ನಿಮ್ಮ ಸೈನ್ ಓದುತ್ತಾ?" ಎಂದು ಕಾವಲುಗಾರ ನಕ್ಕ. ಆ ನಗುವನ್ನು ಸಂಶಯಪ್ಪ ನೆನಪಿನಲ್ಲಿಟ್ಟುಕೊಂಡ.

ಎಂಟು ದಿನ ಅವನು ಆ ಬಾಗಿಲನ್ನು ತಾಯಿ ಕೂಸನ್ನು ಕಾದಂತೆ ಕಾದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಚೀಟಿ ನೋಡುವುದು, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವುದು. ಮೇಡಂ ಒಂದೆರಡು ಸಲ ಆ ಕಡೆ ಬಂದು, ಚೀಟಿ ನೋಡಿ, ಏನೂ ಕೇಳದೆ ಹೋದರು. ಒಂದು ಮಧ್ಯಾಹ್ನ ಕಾವಲುಗಾರ ಬಾಗಿಲ ಮುಂದೆ ಎರಡು ನಿಮಿಷ ನಿಂತಿದ್ದು ಬೀಡಿ ಹಚ್ಚಿಕೊಂಡು ಮುಂದೆ ನಡೆದ. ಅಷ್ಟೂ ಹೊತ್ತು ಸಂಶಯಪ್ಪ ಕಂಬದ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಅವನಿಗೆ ಅರವತ್ತು ತುಂಬಲು ನಾಲ್ಕು ತಿಂಗಳಿತ್ತು. ಕಂಬದ ಮರೆಯಲ್ಲಿ ನಿಲ್ಲುವ ವಯಸ್ಸೇನಲ್ಲ.

ಎಂಟನೆಯ ದಿನ ಬೆಳಿಗ್ಗೆ ಬಾಗಿಲಿನ ಚೀಟಿ ಅಂಟಿಸಿದಂತೆಯೇ ಇತ್ತು. ರುಜುವಿನ ಬಾಲವೂ ಹರಿದಿರಲಿಲ್ಲ. ಕಿಟಕಿಯ ಕಾಗದ ಸರಿಯಾಗಿತ್ತು, ಮೂಲೆಯಲ್ಲಿ ಜೇಡ ಹೊಸ ಬಲೆ ಕಟ್ಟಿತ್ತು. ಗುಡಾರದ ಪ್ಲಾಸ್ಟಿಕ್ ಎತ್ತಿ ನೇರ ಹದಿಮೂರನೆಯ ಕುಂಡ ನೋಡಿದ.

ಎಲೆಗಳ ತುಂಬ ಚುಕ್ಕೆ.

ನೀರಿನ ಮೇಲೆ ಅನುಮಾನ ಬಂತು. ಕುದಿಸಿದ ಪಾತ್ರೆಯ ಮೇಲೆ, ಕುಂಡದ ಮಣ್ಣಿನ ಮೇಲೆ, ಬೀಜದ ಮೇಲೆ ಬಂತು. ಅದೇ ಬೀಜ, ಅದೇ ಮಣ್ಣಿನಲ್ಲಿ ಬೆಳೆದು ಗುಡಾರದ ಹೊರಗೆ ಕಿಟಕಿ ಬಳಿ ಉಳಿದಿದ್ದ ಸಸಿಗಳು ಹಚ್ಚಗಿದ್ದವು. ಅದೇ ನೀರು ಅವಕ್ಕೂ ಬಿದ್ದಿತ್ತು. ಸರಿ, ಮೊದಲು ಕೆಲಸ ಮುಗಿಸೋಣ ಎಂದು ಬ್ಲೇಡು ತೆಗೆದುಕೊಂಡು ಮೂರನೆಯ ಕುಂಡದ ಮುಂದೆ ಕೂತ. ಕೈ ತಾನಾಗಿಯೇ ಒಂದು ಚುಕ್ಕೆಯತ್ತ ಹೋಯಿತು. ದುಂಡಗೆ, ದೊಡ್ಡದಾಗಿ, ಅಂಚು ಕಂದಾಗಿ ಮೂಡಿದ ಚುಕ್ಕೆ. ಬ್ಲೇಡು ಎಲೆಗೆ ತಾಗುವ ಮೊದಲು ಅವನ ಕಣ್ಣು ಪಕ್ಕದ ಸಾಲಿನ ಏಳನೆಯ ಕುಂಡಕ್ಕೆ ಹೋಯಿತು. ಅಲ್ಲಿ ಅಂಥವೇ ಚುಕ್ಕೆಗಳು ರಾಶಿ ಬಿದ್ದಿದ್ದವು. ಹದಿಮೂರರಲ್ಲಿ ಎದ್ದವೂ ಅಂಥವೇ. ಮೂರನೆಯ ಕುಂಡದಲ್ಲಿ ಬೇರೆ ಚುಕ್ಕೆಗಳೂ ಇದ್ದವು: ಸಣ್ಣವು, ಮಂಕಾದವು, ಅವನು ಯಾವತ್ತೂ ಆರಿಸದಂಥವು.

ಏಳನೆಯದು ಮೊದಲಿನಿಂದಲೂ ಪುಂಡು ಬೂಷ್ಟು. ಬೇರೆಯವು ಒಂದು ಬೆಳೆಯುವಷ್ಟರಲ್ಲಿ ಅದು ಹತ್ತು ಬೆಳೆಯುತ್ತಿತ್ತು. ಸಿಂಪಡಿಸುವಾಗ ಎದ್ದ ನೀರಿನ ಹನಿಯಲ್ಲಿ ತೇಲಿ, ಒಂದೇ ಗುಡಾರದ ಒಳಗೆ, ಅದು ಎಲ್ಲ ಕುಂಡಕ್ಕೂ ಹಾರಿ ಕೂತಿತ್ತು. ಪ್ರತಿ ಕುಂಡದಲ್ಲೂ ಮನೆಯವರ ಚುಕ್ಕೆ ಸಣ್ಣದು, ನುಗ್ಗಿದವನ ಚುಕ್ಕೆ ದೊಡ್ಡದು. ಸಂಶಯಪ್ಪ ವರ್ಷ ವರ್ಷವೂ ದೊಡ್ಡದನ್ನೇ ಆರಿಸಿ, ಟ್ಯೂಬಿಗೆ ಹಾಕಿ, ಮೇಲೆ ಹಳೆಯ ಚೀಟಿ ಅಂಟಿಸಿದ್ದ. ಮೂರು ಎಂದು ಬರೆದ ಟ್ಯೂಬಿನಲ್ಲಿ ಏಳು, ಐದು ಎಂದು ಬರೆದದ್ದರಲ್ಲಿ ಏಳು. ಕಳ್ಳನನ್ನು ಹಿಡಿಯಲು ಬಾಗಿಲಿಗೆ ಕಾಗದ ಅಂಟಿಸಿ ಎಂಟು ದಿನ ಕಾದದ್ದಾಯಿತು, ಕಳ್ಳನ ಕೈಯಲ್ಲೇ ಬ್ಲೇಡು ಇತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಹುಡುಕಿದ ಹಾಗಾಯಿತು ಅವನ ಕತೆ.

ನಾಚಿಕೆಗಿಂತ ಮೊದಲು ಬಂದದ್ದು ಹೆದರಿಕೆ. ಹನ್ನೆರಡು ಕಳ್ಳರನ್ನು ಬಿಟ್ಟು ನೋಡಿದ್ದೇನೆ ಎಂದುಕೊಂಡದ್ದು, ಒಬ್ಬನನ್ನು ಹನ್ನೊಂದು ಸಲ ಬಿಟ್ಟು ನೋಡಿದ ಹಾಗೆ. ಹೊಸ ಭತ್ತ ಏಳನೆಯದನ್ನು ತಡೆದೀತು, ಹನ್ನೆರಡನ್ನೂ ತಡೆದೀತು. ಉಳಿದ ಹತ್ತು? ಅವನು ಕಣ್ಣು ಮುಚ್ಚಿಕೊಂಡು ಹಾಕು ಎಂದಿದ್ದ ಭತ್ತವನ್ನು ತಂಗಿ ಮೂರು ದಿನದ ಹಿಂದೆ ಸಸಿಮಡಿಯಲ್ಲಿ ಚೆಲ್ಲಿ ಆಗಿತ್ತು.

ಮಧ್ಯಾಹ್ನ ಮೇಡಂ ಕರೆಸಿದರು. ಬಂತು, ವರದಿ ಬಂತು, ಎಂದುಕೊಂಡೇ ಹೋದ. ಅವರು ಎರಡು ಹಾಳೆ ಅವನ ಕೈಗೆ ಕೊಟ್ಟು, "ನೀವೂ ಒಂದ್ಸಲ ಓದಿಬಿಡಿ. ನಾಳೆ ಕಳಿಸ್ತೀನಿ" ಎಂದರು. ಅವನು ನಿಂತುಕೊಂಡೇ ಓದಿದ. ಟ್ಯೂಬುಗಳನ್ನು ಸಾಕುತ್ತಿರುವವರು ಮೂವತ್ತೊಂದು ವರ್ಷ ಅನುಭವವಿರುವ, ಅತ್ಯಂತ ಎಚ್ಚರಿಕೆಯ ವ್ಯಕ್ತಿಯೆಂದೂ, ಇಲ್ಲಿ ತಪ್ಪಾಗುವ ಸಂಭವ ಇಲ್ಲವೆಂದೂ, ಹೊರಗಿನ ಪ್ರಯೋಗಾಲಯದಲ್ಲೇ ಮಾದರಿಗಳು ಬೆರೆತಿರಬೇಕೆಂದೂ, ಆದ್ದರಿಂದ ಆ ಫಲಿತಾಂಶವನ್ನು ಬದಿಗಿಟ್ಟು ಹೊಸ ಭತ್ತವನ್ನು ಮುಂದುವರಿಸಬಹುದೆಂದೂ ಅದರಲ್ಲಿತ್ತು.

"ಬಾಗಿಲಿಗೆ ಚೀಟಿ ಅಂಟ್ಸಿ ಕೆಲಸ ಮಾಡೋರನ್ನ ನಾನು ಎಲ್ಲೂ ನೋಡಿಲ್ಲ ಯಜಮಾನ್ರೇ" ಎಂದು ಮೇಡಂ ನಕ್ಕರು. "ಹಾಂ, ನಿಮ್ಮ ಟ್ಯೂಬ್‌ಗಳಿಗೆ ದೊಡ್ಡ ಫ್ರಿಜ್ ಮಂಜೂರಾಗಿದೆ. ಕಿಟಕಿ ಬಾಗಿಲ ಮಧ್ಯೆ ಹಿಡಿಸುತ್ತೆ, ಆವತ್ತು ಅಳತೆ ತಗೊಂಡಿದ್ನಲ್ಲ."

ಸಂಶಯಪ್ಪ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ. ಜೀವನದಲ್ಲಿ ಮೊದಲ ಸಲ ಯಾರೋ ತನ್ನನ್ನು ಇಷ್ಟು ನಂಬಿದ್ದರು, ಅದೂ ನಂಬಬಾರದಿದ್ದ ವಿಷಯದಲ್ಲಿ. ಬಾಯಿಗೆ ಬಂದ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕು ತಿಂಗಳು ಕಳೆದರೆ ಒಂದು ಹಾರ, ಒಂದು ಭಾಷಣ, ಮನೆ.

ಅಂದು ಸಂಜೆ ತಾನು ಕೊಟ್ಟ ಚಹಾವನ್ನು ಅವನು ಮೂಸದೆ ಕುಡಿದದ್ದು ನೋಡಿ ಹೆಂಡತಿಗೆ ಗಾಬರಿಯಾಯಿತು.

"ಏನ್ರೀ, ಮೈ ಸರಿ ಇಲ್ವಾ? ಇವತ್ತು ಯಾರ ಮೇಲೆ ಅನುಮಾನ?"

"ನನ್ನ ಮೇಲೆ."

ನಗಲು ಬಾಯಿ ತೆರೆದವಳು ಅವನ ಮುಖ ನೋಡಿ ಪಕ್ಕದಲ್ಲಿ ಕೂತಳು. ಎಲ್ಲವನ್ನೂ ಕೇಳಿದ ಮೇಲೆ, "ಮೇಡಂಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ನಿಮ್ಮ ತಂಗಿಗೆ ಇವತ್ತೇ ಹೇಳಿ" ಎಂದಳು.

"ಅದಿನ್ನೂ ಖಾತ್ರಿ ಇಲ್ಲ. ಭತ್ತ ತಡಕೊಂಡ್ರೂ ತಡಕೋಬಹುದು. ಸುಮ್ನೆ ಅವಳನ್ನ ಯಾಕೆ ಹೆದರಿಸೋದು? ನಾಟಿಗೆ ಇನ್ನೂ ಮೂರು ವಾರ ಇದೆ."

ಹೆಂಡತಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಮನುಷ್ಯನಿಗೆ ಬೇಕಾದಾಗ ಎಚ್ಚರಿಕೆ ಎಂಬುದು ಒಳ್ಳೆಯ ಹೊದಿಕೆ; ಅದರ ಕೆಳಗೆ ಹೆದರಿಕೆ ಮಲಗಿದ್ದರೂ ಯಾರಿಗೂ ಕಾಣುವುದಿಲ್ಲ.

ಮೇಡಂಗೆ ಮಾತ್ರ ಮರುದಿನ ಬೆಳಿಗ್ಗೆಯೇ ಹೇಳಿದ. ಬಾಯಲ್ಲಿ ಹೇಳಲಾಗದೆ ಹದಿಮೂರನೆಯ ಕುಂಡವನ್ನು ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ, ಆ ಎರಡು ಹಾಳೆಗಳ ಪಕ್ಕ ಇಟ್ಟ. "ಇದಕ್ಕೆ ನಾನು ಬರೀ ನೀರು ಹಾಕಿದ್ದೆ ಮೇಡಂ. ಒಳಗೆ ಯಾರೂ ಬಂದಿಲ್ಲ. ಆ ಪ್ರಯೋಗಾಲಯದವರು ಸರಿಯಾಗೇ ಹೇಳಿದಾರೆ." ಮೇಡಂ ಕುಂಡವನ್ನು ನೋಡಿದರು, ಅವನನ್ನು ನೋಡಿದರು. ಒಂದೇ ಗುಡಾರವೇ, ಎಷ್ಟು ವರ್ಷದಿಂದ, ಚುಕ್ಕೆ ಆರಿಸುವುದು ಹೇಗೆ ಎಂದು ಒಂದೊಂದಾಗಿ ಕೇಳಿದರು. ಅವರ ಮುಖದ ನಗು ಹೋಗಿತ್ತು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಎರಡು ಹಾಳೆಗಳನ್ನು ಅವರು ಹರಿದು ಬುಟ್ಟಿಗೆ ಹಾಕಿ, "ಮೊದಲಿನ ಬೂಷ್ಟು ಎಲ್ಲಾದ್ರೂ ಉಳಿದಿದ್ಯಾ?" ಎಂದು ಕೇಳಿದರು.

ಉಳಿದಿತ್ತು. ಗಾಜನ್ನು ನಂಬದ ಸಂಶಯಪ್ಪ, ಆಯಾ ಗದ್ದೆಯಿಂದ ಮೊದಲು ತಂದ ರೋಗದ ಎಲೆಗಳನ್ನು ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ತಗಡಿನ ಡಬ್ಬಿಯಲ್ಲಿ ಹಾಕಿ ಫ್ರೀಜರಿನ ತಳದಲ್ಲಿ ಇಟ್ಟಿದ್ದ. ಹನ್ನೊಂದು ಪೊಟ್ಟಣಗಳಲ್ಲಿ ಎಂಟಕ್ಕೆ ಇನ್ನೂ ಜೀವವಿತ್ತು. ಅವು ಹತ್ತು ದಿನದಲ್ಲಿ ತಟ್ಟೆಗಳ ಮೇಲೆ ಬೆಳೆದವು. ಈ ಸಲ ಒಂದೇ ಗುಡಾರವಿಲ್ಲ. ಒಂದು ಟ್ರೇ ಕೋಣೆಯಲ್ಲಿ, ಒಂದು ಉಗ್ರಾಣದಲ್ಲಿ, ಒಂದು ಮಹಡಿ ಮೆಟ್ಟಿಲ ಕೆಳಗೆ, ಒಂದು ಗೇಟಿನ ಕಾವಲುಗಾರನ ಗೂಡಿನಲ್ಲಿ, ಹೀಗೆ ಎಂಟು ಕಡೆ ಎಂಟು ಟ್ರೇ. "ಇದಕ್ಕೂ ಹಲ್ಲಿ ಬರುತ್ತಾ ಅಣ್ಣಾ?" ಎಂದು ಕೇಳುತ್ತಲೇ ಕಾವಲುಗಾರ ತನ್ನ ಕುರ್ಚಿಯನ್ನು ಹೊರಗೆ ಹಾಕಿಕೊಂಡ. ಪ್ರತಿ ಟ್ರೇಯಲ್ಲೂ ಹೊಸ ಭತ್ತದ ಸಸಿ, ಪ್ರತಿಯೊಂದರ ಮೇಲೂ ಬೇರೆ ಬೇರೆ ಬೂಷ್ಟು.

ಈ ದಿನಗಳಲ್ಲಿ ತಂಗಿ ಎರಡು ಸಲ ಫೋನು ಮಾಡಿದಳು. ಸಸಿ ಚೆನ್ನಾಗಿ ಬಂದಿದೆ, ಬಂದು ನೋಡು ಎಂದಳು. ಬರುತ್ತೇನೆ ಎಂದ. ನಾಲಿಗೆಯ ತುದಿಗೆ ಬಂದದ್ದನ್ನು ಎರಡು ಸಲವೂ ನುಂಗಿದ.

ಏಳನೆಯ ದಿನ ಮೇಡಂ ಮತ್ತು ಅವನು ಟ್ರೇಯಿಂದ ಟ್ರೇಗೆ ನಡೆದರು. ಐದರಲ್ಲಿ ಎಲೆ ಹಸಿರು. ಎರಡರಲ್ಲಿ ಅಲ್ಲಲ್ಲಿ ಚುಕ್ಕೆ. ಕೊನೆಗೆ ಮೆಟ್ಟಿಲ ಕೆಳಗಿನ ನಾಲ್ಕನೆಯ ಟ್ರೇ. ಸಸಿಗಳು ಬುಡದವರೆಗೆ ಸುಟ್ಟು, ಬಾಗಿ, ಒಂದರ ಮೇಲೊಂದು ಒರಗಿದ್ದವು.

"ನಾಲ್ಕನೇದು ಎಲ್ಲಿಂದ ತಂದಿದ್ದು?" ಎಂದು ಮೇಡಂ ಕೇಳಿದರು.

ಅವನು ಪೊಟ್ಟಣ ತಂದು ತೋರಿಸಿದ. ಅವನದೇ ಅಕ್ಷರ, ಇಪ್ಪತ್ತು ವರ್ಷ ಹಳೆಯದು. ಹೊಳೆ ತಿರುವಿನ ಗದ್ದೆ ಎಂದು ಬರೆದಿತ್ತು. ತಂಗಿ ಮದುವೆಯಾಗಿ ಹೋದ ವರ್ಷ ಅವಳನ್ನು ನೋಡಲು ಹೋದಾಗ ಪಕ್ಕದ ಗದ್ದೆಯಿಂದ ಅವನೇ ಕಿತ್ತು ತಂದ ಎಲೆ.

ಮೇಡಂ ಅವತ್ತೇ ಹೊಸ ಭತ್ತವನ್ನು ತಡೆಹಿಡಿಯಲು ಕಾಗದ ಬರೆದು, ಬೀಜ ಪಡೆದ ಉಳಿದ ರೈತರಿಗೆ ಫೋನು ಮಾಡತೊಡಗಿದರು. ಅವರೆಲ್ಲ ಹೇಳಿದ ಮಾತು ಕೇಳಿ ಒಂದೊಂದೇ ಮಡಿಗೆ ಹಾಕಿದ್ದರು. ಎಲ್ಲ ಗದ್ದೆಗೂ ಹಾಕಿದವಳು ಒಬ್ಬಳೇ. ಆ ಮನೆಗೆ ನಾನೇ ಹೋಗುತ್ತೇನೆ ಎಂದು ಸಂಶಯಪ್ಪ ಬಸ್ಸು ಹತ್ತಿದ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅವನಿಗೆ ನೆನಪಿರಲಿಲ್ಲ.

ತಂಗಿ ಸಸಿಮಡಿಯಲ್ಲಿ ಮೊಣಕಾಲವರೆಗೆ ಕೆಸರಿನಲ್ಲಿ ನಿಂತಿದ್ದಳು. ಇಪ್ಪತ್ತೊಂದು ದಿನದ ಸಸಿ, ಹಚ್ಚಹಸಿರು, ನೋಡಿದವರ ಕಣ್ಣು ತಂಪಾಗಬೇಕು. ಅಣ್ಣನನ್ನು ಕಂಡು ಅವಳ ಮುಖ ಅರಳಿತು. "ನಾಡಿದ್ದು ನಾಟಿ. ಆಳುಗಳಿಗೆ ಹೇಳಿದೀನಿ. ಸರಿಯಾದ ಹೊತ್ತಿಗೆ ಬಂದೆ."

ಅವನು ಬದುವಿನ ಮೇಲೆ ನಿಂತು, ಕುಂಡದಿಂದ ಹಿಡಿದು ನಾಲ್ಕನೆಯ ಟ್ರೇವರೆಗೆ ಏನೂ ಬಿಡದೆ ಹೇಳಿದ. ಅವಳು ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿನಲ್ಲಿ ಅಲ್ಲಾಡಿಸುತ್ತ ನಿಂತಿದ್ದಳು.

"ಇದನ್ನ ನಾಟಿ ಮಾಡ್ಬೇಡ. ಉಳುಮೆ ಮಾಡ್ಸಿಬಿಡು" ಎಂದು ಅವನು ಮುಗಿಸಿದ.

"ನಿನಗೆ ಯಾವಾಗ ಗೊತ್ತಾಯ್ತು?"

"ಟ್ರೇ ಸುಟ್ಟಿದ್ದು ಇವತ್ತು."

"ಅದನ್ನ ಕೇಳಲಿಲ್ಲ. ಆ ಕುಂಡ ನೋಡಿದ್ದು ಯಾವಾಗ?"

"ಹದಿನೆಂಟು ದಿನ ಆಯ್ತು."

ತಂಗಿ ಸಸಿಯ ಕಟ್ಟನ್ನು ಬದುವಿನ ಮೇಲೆ ಎಸೆದಳು. "ಹದಿನೆಂಟು ದಿನ! ಎರಡು ಸಲ ಫೋನ್ ಮಾಡಿದ್ನಲ್ಲ ಅಣ್ಣಾ. ಆವತ್ತೇ ಹೇಳಿದ್ರೆ ಬೇರೆ ಬೀಜ ಚೆಲ್ತಿದ್ದೆ, ಹೊತ್ತಿಗೆ ಸರಿಯಾಗಿ ಸಸಿ ಬರ್ತಿತ್ತು. ಊರವರನ್ನೆಲ್ಲಾ ಅನುಮಾನ ಪಡ್ತೀಯ ಅಂತ ನಿನ್ನ ಆಡ್ಕೊಂಡು ನಗ್ತಿದ್ವಿ. ಅಂಥವನು ಕಣ್ಣು ಮುಚ್ಕೋ ಅಂದಿದ್ದಕ್ಕೇ ನಾನು ಮುಚ್ಕೊಂಡಿದ್ದು." ಅವಳಿಗೆ ಅಳು ಬಂತು. ಕೆಸರಿನ ಕೈಯಾದ್ದರಿಂದ ಕಣ್ಣೊರೆಸಿಕೊಳ್ಳಲಾಗದೆ ತೋಳಿಗೆ ಮುಖ ಉಜ್ಜಿಕೊಂಡಳು.

ಸಂಶಯಪ್ಪ ಬಾಗಿ, ಅವಳು ಎಸೆದ ಕಟ್ಟನ್ನು ನೆಟ್ಟಗೆ ಇಟ್ಟು, "ಇನ್ನೂ ಕಾಲ ಮಿಂಚಿಲ್ಲ. ನೂರು ದಿನಕ್ಕೆ ಬರೋ ಹಳೇ ಭತ್ತ ಒಂದಿದೆ. ನಾಳೆ ಚೆಲ್ಲಿದ್ರೆ ಬೆಳೆ ಕೈಗೆ ಸಿಗುತ್ತೆ. ಬೀಜ ನಾನೇ ತಂದ್ಕೊಡ್ತೀನಿ. ಅದಕ್ಕೆ ಈ ರೋಗ ಬರಲ್ಲ" ಎಂದ.

"ಬರಲ್ಲ ಅಂತ ನೋಡಿದ್ದು ಯಾರು?"

"ನಾನೇ" ಎಂದ, ಮೆಲ್ಲಗೆ.

ಅವಳು ಅವನನ್ನು ನೋಡಿದಳು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅರವತ್ತು ವರ್ಷ ಅವನು ಎಲ್ಲರನ್ನೂ ಹಾಗೇ ನೋಡಿದ್ದ. ತನ್ನ ಕಡೆಗೆ, ಅದೂ ಒಡಹುಟ್ಟಿದವಳಿಂದ, ಅದು ಬಂದಾಗ ಎಷ್ಟು ನೋಯುತ್ತದೆ ಎಂದು ಗೊತ್ತಿರಲಿಲ್ಲ.

"ನಿಮ್ಮ ಮೇಡಂನ ಒಂದ್ಮಾತು ಕೇಳಿ ಆಮೇಲೆ ಹಾಕ್ತೀನಿ" ಎಂದಳು ತಂಗಿ.

ಅವನು ಜೇಬಿನಿಂದ ಫೋನು ತೆಗೆದು, ಮೇಡಂ ನಂಬರು ಒತ್ತಿ, ಅವಳ ಕಡೆ ಚಾಚಿದ. ಅವಳು ಕೈ ತೊಳೆದು, ಸೆರಗಿನ ಅಂಚಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. "ಮೇಡಂ, ನಮ್ಮಣ್ಣ ಒಂದು ಹಳೇ ಭತ್ತ ಹಾಕು ಅಂತಿದಾನೆ. ಅದು ನಿ‍ಜವಾಗ್ಲೂ ಪರವಾಗಿಲ್ವಾ?" ಎಂದವಳು, ಅವನಿಗೆ ಕೇಳಿಸಬಾರದೆಂದು ಬೆನ್ನು ತಿರುಗಿಸಿ ಬದುವಿನ ಆ ತುದಿಗೆ ನಡೆದಳು.

ಸಂಶಯಪ್ಪ ಅವಳ ಹಿಂದೆ ಹೋಗಲಿಲ್ಲ. ಅವಳು ಕಿತ್ತಿಟ್ಟಿದ್ದ ಸಸಿಯ ಕಟ್ಟುಗಳ ಪಕ್ಕದಲ್ಲಿ ಕೂತು, ಅವಳು ಕೇಳಬೇಕಾದದ್ದನ್ನೆಲ್ಲ ಕೇಳಿ ಮುಗಿಸುವವರೆಗೆ ಕಾದ.